ಪೂರ್ವಿಕರ ಚರಿತ್ರೆಯಲ್ಲಿ ಬಿಟ್ಟುಹೋದ ಪುಟಗಳು

ಸತ್ತ ಎಮ್ಮೆಗೆ ಹಂಡೆ ಹಾಲು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರು? ಬದುಕಿದ್ದಾಗ ದಿನಕ್ಕೆ ಎರಡು ಪಾವು ಹಾಲು ಕೊಟ್ಟ ಎಮ್ಮೆಯು ಸತ್ತ ಮೇಲೆ ಒಡೆಯನ ಬಾಯಿಮಾತಿನಲ್ಲಿ ಹಂಡೆ ತುಂಬ ಕೊಡಲಾರಂಭಿಸುವದು. ಎಮ್ಮೆಯ ವಿಷಯದಲ್ಲಿ ಇದು ನಗೆಯ ಮಾತು. ಆದರೆ ತೀರಿಹೋದ ತಂದೆ ತಾತಂದಿರ ವಿಷಯದಲ್ಲಿಯೂ ನಾವು ಹೀಗೆಯೇ ಮಾಡುವದಿಲ್ಲವೋ? ಅವರು ಮಾಡಿದ ಸಾಲವು ಮರೆತುಹೋಗುವದು. ನೆರೆಯವನ ಬದುವನ್ನು ಒತ್ತಿದ್ದು ಮರೆತುಹೋಗುವದು. ಅವರ ಔದಾರ್ಯ, ಧೈರ್ಯ, ನೀತಿ ಇವು ಮಾತ್ರ ವರುಷದಿಂದ ವರುಷಕ್ಕೆ ಬೆಳೆಯುತ್ತಾ ಬರುವವು.

ಪ್ರಿಯ ವಾಚಕರೇ, ಇಲ್ಲಿ ಒಂದು ಪ್ರಶ್ನೆಯು ಏಳುವದು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬದು ನಾವೆಲ್ಲರೂ ಒಪ್ಪಿಕೊಂಡ ಆಜ್ಞೆ. ಸುಳ್ಳುಸಾಕ್ಷಿ ಹೇಳಬಾರದೆಂಬದೂ ನಾವೆಲ್ಲರೂ ಒಪ್ಪಿಕೊಂಡ ಆಜ್ಞೆ. ಪೂರ್ವಿಕನ ಜೀವಮಾನವನ್ನು ಹುಡುಕುತ್ತಾ ಹೋದವನಿಗೆ ಆತನ ದೋಷವೊಂದು ಹಳೇ ಕಾಗದಪತ್ರಗಳಲ್ಲಿ ಸಿಕ್ಕಿದರೆ, ಈ ಎರಡು ಆಜ್ಞೆಗಳು ಒಂದಕ್ಕೊಂದು ಎದುರಾಗಿ ನಿಂತ ಹಾಗೆ ಕಾಣುವದು. ಆಗ ಅವನು ಅದನ್ನು ಮುಚ್ಚಬೇಕೋ, ಹೇಳಬೇಕೋ?

ಇಂಥ ಪ್ರಶ್ನೆಯನ್ನು ಬರಿಯ ತರ್ಕದಿಂದ ತೀರಿಸುವದು ಕಷ್ಟ. ಆದದರಿಂದ ಒಬ್ಬ ಮನುಷ್ಯನ ಜೀವಮಾನವನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ. ಆತನು ನಮ್ಮ ದೇಶದವನಲ್ಲ. ಹತ್ತೊಂಭತ್ತನೆಯ ಶತಮಾನದಲ್ಲಿ ಅಮೇರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ ಬಾಳಿದ ಒಬ್ಬ ಬಡ ಬೇಸಾಯಗಾರನು. ಆತನನ್ನು ಆರಿಸಿಕೊಂಡ ಕಾರಣವೇನಂದರೆ, ಆತನ ಕಥೆಯನ್ನು ಆತನ ಮಗಳು ಪ್ರೀತಿಯಿಂದ ಬರೆದಿದ್ದಾಳೆ. ಆತನ ಹೆಜ್ಜೆಯ ಗುರುತುಗಳು ಸರಕಾರದ ದಫ್ತರಗಳಲ್ಲಿಯೂ ಉಳಿದಿವೆ. ಪ್ರೀತಿಯ ಸಾಕ್ಷಿಯನ್ನೂ ದಫ್ತರದ ಸಾಕ್ಷಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸಂದರ್ಭವು ಅಪರೂಪವಾದದ್ದು.

ಚಾರ್ಲ್ಸ್ ಇಂಗಲ್ಸ್ ಎಂಬ ಈತನು ೧೮೩೬ನೇ ಜನವರಿ ೧೦ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕ್ಯೂಬಾ ಎಂಬ ಊರಲ್ಲಿ ಹುಟ್ಟಿದನು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳ ಸಂಗಡ ಪಡುವಣಕ್ಕೆ ಹೊರಟು ಇಲಿನಾಯ್ ಸಂಸ್ಥಾನಕ್ಕೂ ಅಲ್ಲಿಂದ ವಿಸ್ಕಾನ್ಸಿನಿಗೂ ಬಂದನು. ೧೮೬೦ರಲ್ಲಿ ಕ್ಯಾರೊಲೈನ್ ಎಂಬಾಕೆಯನ್ನು ಮದುವೆಯಾಗಿ, ಪೆಪಿನ್ ಎಂಬ ಊರ ಹತ್ತಿರ ಕಾಡಿನಲ್ಲಿ ಮನೆ ಮಾಡಿದನು. ಆದರೆ ಒಂದು ಸ್ಥಳದಲ್ಲಿ ನೆಲಸುವದು ಆತನಿಗೆ ಕೂಡಿಬರಲಿಲ್ಲ. ೧೮೬೯ರಲ್ಲಿ ಹೆಂಡತಿ ಮಕ್ಕಳನ್ನು ಕಮಾನುಬಂಡಿಯಲ್ಲಿ ಕೂರಿಸಿಕೊಂಡು ಕ್ಯಾನ್ಸಸ್ ಸಂಸ್ಥಾನಕ್ಕೆ ಹೋದನು. ೧೮೭೧ರಲ್ಲಿ ತಿರಿಗಿ ವಿಸ್ಕಾನ್ಸಿನಿಗೆ ಬಂದನು. ೧೮೭೪ರಲ್ಲಿ ಮಿನೆಸೋಟಕ್ಕೂ, ೧೮೭೬ರಲ್ಲಿ ಅಯೋವಾಕ್ಕೂ, ಮರುವರುಷ ಪುನಃ ಮಿನೆಸೋಟಕ್ಕೂ, ೧೮೭೯ರಲ್ಲಿ ಡಕೋಟಾ ಸೀಮೆಗೂ ಹೊರಟನು. ಅಲ್ಲಿ ಡಿ ಸ್ಮೆಟ್ ಎಂಬ ಹೊಸ ಊರಲ್ಲಿ ಕಡೆಗೆ ನೆಲೆನಿಂತು, ೧೯೦೨ನೇ ಜೂನ್ ೮ರಲ್ಲಿ ತನ್ನ ೬೬ನೇ ವಯಸ್ಸಿನಲ್ಲಿ ತೀರಿಹೋದನು.

ಆತನ ಎರಡನೆಯ ಮಗಳು ಲಾರಾ ಇಂಗಲ್ಸ್ ವೈಲ್ಡರ್. ೧೮೬೭ರಲ್ಲಿ ಹುಟ್ಟಿದ ಈಕೆಯು, ತಂದೆಯೂ ತಾಯಿಯೂ ಅಕ್ಕನೂ ತೀರಿಹೋದ ಮೇಲೆ, ತಂದೆಯು ಹೇಳುತ್ತಿದ್ದ ಕಥೆಗಳು ತನ್ನೊಂದಿಗೆ ಮಣ್ಣಾಗಬಾರದೆಂದು ಎಣಿಸಿ ಮುಪ್ಪಿನಲ್ಲಿ ಲೇಖನಿಯನ್ನು ಹಿಡಿದಳು. ಮಕ್ಕಳಿಗೋಸ್ಕರ ಬರೆದ ಆಕೆಯ ಮೊದಲನೆಯ ಪುಸ್ತಕವು ೧೯೩೨ರಲ್ಲಿಯೂ, ಕ್ಯಾನ್ಸಸ್ಸಿನ ಹುಲ್ಲುಬೈಲಿನಲ್ಲಿ ಕಟ್ಟಿದ ಪುಟ್ಟ ಮನೆಯ ಕಥೆಯು ೧೯೩೫ರಲ್ಲಿಯೂ ಅಚ್ಚಾದವು. ಆ ಪುಸ್ತಕಗಳಲ್ಲಿ ತಂದೆಯು ಹಗಲೆಲ್ಲಾ ದುಡಿದು, ರಾತ್ರಿ ಒಲೆಯ ಮುಂದೆ ಕೂತು ಮಕ್ಕಳಿಗೆ ಪಿಟೀಲು ಬಾರಿಸುವನು. ಎಂಥ ನಷ್ಟದಲ್ಲಿಯೂ ನಗುವನು. ಇದು ಕಲ್ಪನೆಯಲ್ಲ. ಆ ಪಿಟೀಲು ಲಾರಾಳ ಕೊನೆಯ ಊರಾದ ಮಿಸೂರಿ ಸಂಸ್ಥಾನದ ಮ್ಯಾನ್ಸ್‌ಫೀಲ್ಡಿನಲ್ಲಿ ಈಗಲೂ ಇದೆ.

ಇನ್ನು ದಫ್ತರದ ಸಾಕ್ಷಿಯನ್ನು ನೋಡೋಣ. ಆ ದೇಶದಲ್ಲಿ ಹತ್ತು ವರುಷಕ್ಕೊಮ್ಮೆ ಜನಗಣತಿ, ಅಂದರೆ ಖಾನೇಸುಮಾರಿ, ನಡೆಯುವದು. ೧೮೪೦ರ ವರೆಗಿನ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆಯಲ್ಪಟ್ಟಿದೆ. ೧೮೫೦ರಿಂದ ದಾಸರಲ್ಲದವರೆಲ್ಲರ ಹೆಸರುಗಳೂ ಇವೆ. ೧೮೯೦ರ ಪಟ್ಟಿಗಳು ೧೯೨೧ರಲ್ಲಿ ವಾಷಿಂಗ್ಟನಿನಲ್ಲಿ ಬೆಂಕಿಗೆ ಸಿಕ್ಕಿ ಹೆಚ್ಚು ಕಡಿಮೆ ಎಲ್ಲವೂ ಹಾಳಾದವು. ೧೮೬೨ರ ಕಾಯಿದೆಯಂತೆ ಬೇಸಾಯಗಾರನು ೧೬೦ ಎಕರೆಯ ವರೆಗೆ ಸರಕಾರೀ ಭೂಮಿಯಲ್ಲಿ ಐದು ವರುಷ ವಾಸಿಸಿ ಉತ್ತರೆ, ಸಾಕ್ಷಿಗಳ ಮುಂದೆ ರುಜುವಾತು ಕೊಟ್ಟು ಅದಕ್ಕೆ ಒಡೆಯನಾಗುತ್ತಿದ್ದನು. ಡಕೋಟಾ ಸೀಮೆಯಲ್ಲಿ ಇಂಗಲ್ಸನು ಹೀಗೆ ಕೊಟ್ಟ ಕಾಗದಗಳು ರಾಷ್ಟ್ರದ ದಫ್ತರಖಾನೆಯಲ್ಲಿ ಇವೆ. ಇವುಗಳ ಹೊರತು ಸಮಾಧಿಯ ಕಲ್ಲುಗಳು, ಊರ ವರ್ತಮಾನಪತ್ರಗಳು, ಮನೆಯ ಸತ್ಯವೇದದ ಹಾಳೆಯಲ್ಲಿ ಬರೆದಿಟ್ಟ ಹುಟ್ಟುಸಾವುಗಳು ಇವೆಲ್ಲಾ ಹುಡುಕುವವನಿಗೆ ಸಹಾಯವಾಗುವವು.

ಇಂಥ ಕಾಗದಗಳ ಬೆಲೆಗೆ ಒಂದು ದೃಷ್ಟಾಂತ ಕೊಡುತ್ತೇನೆ. ಕ್ಯಾನ್ಸಸ್ಸಿನ ಮನೆಯನ್ನು ಬಿಟ್ಟಾಗ ಲಾರಾಳಿಗೆ ನಾಲ್ಕೇ ವರುಷ. ಆ ಮನೆಯು ಇಂಡಿಪೆಂಡೆನ್ಸ್ ಎಂಬ ಪಟ್ಟಣದಿಂದ ೪೦ ಮೈಲಿ ದೂರವಿತ್ತೆಂದು ಆಕೆ ನಂಬಿದ್ದಳು. ಪುಸ್ತಕವನ್ನು ಬರೆಯುವ ಕಾಲದಲ್ಲಿ ತನ್ನ ಮಗಳ ಸಂಗಡ ಆ ಸ್ಥಳವನ್ನು ಹುಡುಕಲು ಹೋದಳು, ಸಿಕ್ಕಲಿಲ್ಲ. ಆಕೆ ತೀರಿಹೋದ ಮೇಲೆ, ಬೇರೆಯವರು ೧೮೭೦ರ ಜನಗಣತಿಯನ್ನೂ, ತಂಗಿ ಕ್ಯಾರಿಯು ಆ ವರುಷದ ಆಗಸ್ಟ್ ೩ರಲ್ಲಿ ಮಾಂಟ್‌ಗಾಮರಿ ಜಿಲ್ಲೆಯಲ್ಲಿ ಹುಟ್ಟಿದಳೆಂದು ಮನೆಯ ಸತ್ಯವೇದದಲ್ಲಿದ್ದ ಬರಹವನ್ನೂ ಕೂಡಿಸಿ ನೋಡಿ ಸ್ಥಳವನ್ನು ಗುರುತಿಸಿದರು. ಅದು ಪಟ್ಟಣದಿಂದ ಸುಮಾರು ೧೩ ಮೈಲಿ ಮಾತ್ರ. ಮಗಳ ನೆನಪು ತೋರಿಸಲಾರದ ತಂದೆಯ ಮನೆಯನ್ನು ಎರಡು ಸಾಲು ಬರಹವು ತೋರಿಸಿತು.

ಆದರೆ ಕಾಗದಗಳು ಮನೆಯ ದಾರಿಯನ್ನು ಮಾತ್ರ ತೋರಿಸಿ ಸುಮ್ಮನಿರುವವಲ್ಲ. ಮಗಳು ತನ್ನ ಮಕ್ಕಳ ಪುಸ್ತಕಗಳಲ್ಲಿ ಬರೆಯದೆ ಬಿಟ್ಟ ಪುಟಗಳನ್ನೂ ಅವು ತೋರಿಸುವವು. ಅಂಥ ಮೂರು ಪುಟಗಳನ್ನು ನೋಡೋಣ.

ಮೊದಲನೆಯದು ದುಃಖದ ಪುಟ. ಮಿನೆಸೋಟದಲ್ಲಿ ೧೮೭೩ರಿಂದ ೧೮೭೭ರ ವರೆಗೆ ಮಿಡತೆಗಳ ಹಿಂಡುಗಳು ಬೆಳೆಯನ್ನು ತಿಂದವು. ಇಂಗಲ್ಸನ ಗೋದಿಯೂ ಹಾಳಾಯಿತು. ಮಿಡತೆಗಳ ಸಂಗತಿಯನ್ನು ಮಗಳು ವಿಸ್ತಾರವಾಗಿ ಬರೆದಿದ್ದಾಳೆ. ಆದರೆ ೧೮೭೫ರ ಕೊನೆಯಲ್ಲಿ ತಂದೆಯು ಜಿಲ್ಲೆಯ ಅಧಿಕಾರಿಗಳ ಮುಂದೆ ನಿಂತು, ತನಗೆ ಜೀವನಕ್ಕೆ ಏನೂ ಗತಿಯಿಲ್ಲವೆಂದು ಪ್ರಮಾಣ ಮಾಡಿ, ಎರಡು ಅರ್ಧಪೀಪಾಯಿ ಹಿಟ್ಟನ್ನು ಧರ್ಮವಾಗಿ ಪಡಕೊಂಡ ಸಂಗತಿಯು ಆ ಪುಸ್ತಕದಲ್ಲಿಲ್ಲ. ಅದೇ ನವಂಬರಿನಲ್ಲಿ ಒಬ್ಬ ಗಂಡುಮಗು ಹುಟ್ಟಿ, ಒಂಭತ್ತು ತಿಂಗಳು ಬದುಕಿ, ೧೮೭೬ನೇ ಆಗಸ್ಟ್ ೨೭ರಲ್ಲಿ ಸತ್ತುಹೋಯಿತು. ಆ ತಮ್ಮನೂ ಆಕೆಯ ಮಕ್ಕಳ ಪುಸ್ತಕಗಳಲ್ಲಿ ಇಲ್ಲ.

ಎರಡನೆಯದು ಸಾಲದ ಪುಟ. ಮಗು ಸತ್ತ ಮೇಲೆ ಕುಟುಂಬವು ಅಯೋವಾ ಸಂಸ್ಥಾನದ ಬರ್ ಓಕ್ ಎಂಬ ಊರಿಗೆ ಹೋಗಿ ಒಂದು ವಸತಿಗೃಹದಲ್ಲಿ ಕೆಲಸಕ್ಕೆ ನಿಂತಿತು. ಅಲ್ಲಿಯೂ ಏಳಿಗೆಯಾಗಲಿಲ್ಲ. ಮನೆಬಾಡಿಗೆಯು ಬಾಕಿ ನಿಂತಿತು. ಮುಂದೆ ದುಡಿದು ಕಳುಹಿಸುತ್ತೇನೆಂದು ಹೇಳಿದರೂ ಮನೆಯೊಡೆಯನು ಒಪ್ಪದೆ, ಕುದುರೆಗಳನ್ನು ಹಿಡಿಸುತ್ತೇನೆಂದು ಹೆದರಿಸಿದನು. ಆಗ ಇಂಗಲ್ಸನು ಒಂದು ರಾತ್ರಿ, ಊರು ಮಲಗಿದ್ದಾಗ, ಬಂಡಿ ಕಟ್ಟಿ ಹೆಂಡತಿ ಮಕ್ಕಳ ಸಂಗಡ ಹೊರಟುಹೋದನು. ಅಯೋವಾದ ಆ ದಿವಸಗಳನ್ನೆಲ್ಲಾ ಲಾರಾಳು ಮಕ್ಕಳ ಪುಸ್ತಕಗಳಿಂದ ತೆಗೆದುಬಿಟ್ಟಳು. ಆದರೂ ಆಕೆಯನ್ನು ಸುಳ್ಳುಗಾರ್ತಿ ಎನ್ನಬೇಡಿರಿ. ೧೯೩೦ರಲ್ಲಿ ಆಕೆ ದೊಡ್ಡವರಿಗೋಸ್ಕರ ಬರೆದ ಮೊದಲಿನ ಆತ್ಮಚರಿತ್ರೆಯಲ್ಲಿ ಈ ರಾತ್ರಿಯ ಪ್ರಯಾಣವೂ ತಮ್ಮನ ಮರಣವೂ ಇವೆ. ಅದು ೨೦೧೪ರಲ್ಲಿ ಅಚ್ಚಾಯಿತು.

ಮೂರನೆಯದು ಭೂಮಿಯ ಪುಟ. ಕ್ಯಾನ್ಸಸ್ಸಿನಲ್ಲಿ ಇಂಗಲ್ಸನು ಮನೆ ಕಟ್ಟಿದ ನೆಲವು ಸರಕಾರದ್ದಲ್ಲ, ಒಸೇಜ್ ಜನರದ್ದು. ಇವರು ಅಮೇರಿಕದ ಮೂಲನಿವಾಸಿಗಳು. ಬಿಳಿಯರು ಇಂಥವರನ್ನು ತಪ್ಪಾಗಿ ಇಂಡಿಯನರೆಂದು ಕರೆದರು. ೧೮೬೫ರ ಒಡಂಬಡಿಕೆಯಲ್ಲಿ ಒಸೇಜರು ತಮ್ಮ ಭೂಮಿಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟು ಉಳಿದದ್ದನ್ನು ತಮಗೆಂದು ಇಟ್ಟುಕೊಂಡಿದ್ದರು. ಹೊರಗಿನವರು ಅಲ್ಲಿ ನೆಲಸುವದಕ್ಕೆ ಹಕ್ಕಿರಲಿಲ್ಲ. ಆದರೆ ಆ ಸೀಮೆಯು ಇಂದೋ ನಾಳೆಯೋ ಬಿಳಿಯರಿಗೆ ತೆರೆಯಲ್ಪಡುವದೆಂಬ ವದಂತಿ ಹುಟ್ಟಿ, ಸಾವಿರಾರು ಜನರು ನುಗ್ಗಿದರು. ಒಸೇಜರು ವರುಷಕ್ಕೆ ಎರಡಾವರ್ತಿ ಕಾಡುಕೋಣಗಳ ಬೇಟೆಗೆ ಪಡುವಣ ಬೈಲಿಗೆ ಹೋಗಿ ತಿರಿಗಿ ಬರುವಷ್ಟರಲ್ಲಿ ಅವರ ಹೊಲಗಳಲ್ಲಿ ಪರರ ಬೇಲಿಗಳು ಎದ್ದಿದ್ದವು. ಇಂಗಲ್ಸನು ಆ ಸಾವಿರಾರು ಜನರಲ್ಲಿ ಒಬ್ಬನು. ೧೮೭೦ರ ಜನಗಣತಿಯಲ್ಲಿ ಆತನ ಹೆಸರಿನ ಮುಂದೆ ಭೂಮಿಯ ಬೆಲೆಯನ್ನು ಬರೆಯುವ ಕಲಮು ಖಾಲಿಯಾಗಿದೆ. ಯಾಕಂದರೆ ಈ ಭೂಮಿಯು ಒಸೇಜರದ್ದು, ನೆಲಸಿದವರಿಗೆ ಇದರಲ್ಲಿ ಹಕ್ಕಿಲ್ಲ ಎಂದು ಲೆಕ್ಕ ಬರೆದವನೇ ಷರಾ ಹಾಕಿದ್ದಾನೆ.

ಪುಸ್ತಕದ ಕೊನೆಯಲ್ಲಿ ಸಿಪಾಯಿಗಳು ಬಂದು ಬಿಳಿಯರನ್ನು ಓಡಿಸುವರೆಂಬ ಸುದ್ದಿಯಿಂದ ಬೇಸರಪಟ್ಟು ತಂದೆಯು ಮನೆಯನ್ನು ಬಿಟ್ಟುಹೋಗುವನು. ಓದಿದವರಿಗೆ ಅನ್ಯಾಯವನ್ನು ಅನುಭವಿಸಿದವನು ಈ ಬೇಸಾಯಗಾರನೇ ಎಂದು ತೋರುವದು. ಆದರೆ ನಡೆದದ್ದು ಹಾಗಲ್ಲ. ೧೮೭೦ನೇ ಜುಲೈ ತಿಂಗಳಲ್ಲಿ ಒಸೇಜರ ಭೂಮಿಯನ್ನು ಎಕರೆಗೆ ಒಂದೂ ಕಾಲು ಡಾಲರಿನಂತೆ ನೆಲಸಿದವರಿಗೆ ಮಾರಬಹುದೆಂಬ ಕಾನೂನು ಆಯಿತು. ಸೆಪ್ಟೆಂಬರಿನಲ್ಲಿ ಒಸೇಜರು ದಾರಿ ಕಾಣದೆ ಅದಕ್ಕೆ ಒಪ್ಪಿದರು. ನೆಲವನ್ನು ಕಳಕೊಂಡು ದಕ್ಷಿಣಕ್ಕೆ, ಈಗಿನ ಓಕ್ಲಹೋಮಾ ಸಂಸ್ಥಾನಕ್ಕೆ, ಹೋದವರು ಅವರೇ. ಇಂಗಲ್ಸನು ೧೮೭೧ರಲ್ಲಿ ತಿರಿಗಿಹೋದದ್ದು, ಆತನ ವಿಸ್ಕಾನ್ಸಿನ್ ಭೂಮಿಯನ್ನು ಕೊಂಡವನು ಹಣ ಕೊಡಲಾರದೆ ಅದನ್ನು ಹಿಂದಕ್ಕೆ ಕೊಟ್ಟದರಿಂದ.

ವಾಚಕರೇ, ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಮೂರು ಪುಟಗಳನ್ನು ಮಗಳು ಬಿಟ್ಟದ್ದು ಸರಿಯೋ?

ಮೊದಲನೆಯ ಪುಟವನ್ನು ತೆಗೆದುಕೊಳ್ಳಿರಿ. ಹಸಿದ ಮಕ್ಕಳಿಗೋಸ್ಕರ ತಂದೆಯು ಬೇಡಿದ ಹಿಟ್ಟಿನಲ್ಲಿ ಯಾರಿಗೆ ಅನ್ಯಾಯವಾಯಿತು? ಯಾರಿಗೂ ಇಲ್ಲ. ಆ ದಿನದ ನಾಚಿಕೆಯು ಆತನದು. ಸತ್ತ ಮಗುವಿನ ದುಃಖವು ತಾಯಿಯದು. ಅದನ್ನು ಮಗಳು ಎದೆಯೊಳಗೆ ಇಟ್ಟುಕೊಂಡರೆ ಅದು ಸುಳ್ಳಲ್ಲ, ಮರ್ಯಾದೆ. ಎಲ್ಲಾ ಗಾಯಗಳನ್ನು ಸಂತೆಯಲ್ಲಿ ಬಿಚ್ಚಿ ತೋರಿಸಬೇಕೆಂಬ ನಿಯಮವಿಲ್ಲ.

ಎರಡನೆಯ ಪುಟದಲ್ಲಿ ಸಂಗತಿಯು ಬದಲಾಗುವದು. ಮನೆಯೊಡೆಯನು ಕಠಿಣನಾಗಿದ್ದಿರಬಹುದು, ಆದರೂ ಬಾಡಿಗೆಯು ಆತನಿಗೆ ಸಲ್ಲತಕ್ಕದ್ದು. ಇಲ್ಲಿ ತಂದೆಯ ಕಥೆಯೊಳಗೆ ಇನ್ನೊಬ್ಬನ ಪಾಲೂ ಸೇರಿತು. ಮಕ್ಕಳ ಪುಸ್ತಕದಿಂದ ಅದನ್ನು ಬಿಟ್ಟು ದೊಡ್ಡವರ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ, ಇಲ್ಲಿ ಎರಡು ಕರ್ತವ್ಯಗಳು ಇವೆಯೆಂದು ಆಕೆಯ ಮನಸ್ಸಾಕ್ಷಿಗೆ ಗೊತ್ತಿತ್ತೆಂದು ತೋರುತ್ತದೆ.

ಮೂರನೆಯ ಪುಟದಲ್ಲಿಯೋ ಒಬ್ಬನ ಪಾಲಲ್ಲ, ಒಂದು ಜನಾಂಗದ ಪಾಲು ಇದೆ. ತಂದೆಯು ಆ ನೆಲದಲ್ಲಿ ಉತ್ತದ್ದು ಆತನ ಕಥೆಯ ಅರ್ಧ; ಅದೇ ನೆಲವು ಒಸೇಜರ ಕೈಬಿಟ್ಟದ್ದು ಇನ್ನರ್ಧ. ಮೊದಲಿನ ಅರ್ಧವು ಮಗಳಿಗೆ ಬಾಧ್ಯವಾಗಿ ಬಂದದ್ದು. ಬೇಕಾದರೆ ಹೇಳಬಹುದು, ಬೇಡವಾದರೆ ಬಿಡಬಹುದು. ಎರಡನೆಯ ಅರ್ಧವು ಆಕೆಯದಲ್ಲವೇ ಅಲ್ಲ. ತನ್ನದಲ್ಲದ್ದನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ. ಆದಕಾರಣ ನನಗೆ ತೋರುವ ನಿರ್ಣಯವೇನಂದರೆ: ಪೂರ್ವಿಕನು ಅನುಭವಿಸಿದ ನಾಚಿಕೆಯನ್ನು ನಾವು ಮುಚ್ಚಬಹುದು, ಪೂರ್ವಿಕನಿಂದ ಇನ್ನೊಬ್ಬನು ಅನುಭವಿಸಿದ ಅನ್ಯಾಯವನ್ನು ಮುಚ್ಚಕೂಡದು.

ಇದಕ್ಕೆ ಕೆಲವರು ಆಕ್ಷೇಪಣೆ ಹೇಳಬಹುದು. ನೋಹನು ದ್ರಾಕ್ಷಾರಸದಿಂದ ಮತ್ತನಾಗಿ ಬೆತ್ತಲೆ ಬಿದ್ದಿದ್ದಾಗ, ಒಳ್ಳೇ ಮಕ್ಕಳು ಹಿಂದುಮುಂದಾಗಿ ನಡೆದು ಬಟ್ಟೆ ಹೊದಿಸಿದರಲ್ಲಾ, ನಾವೂ ಹಾಗೆ ಮಾಡಬೇಡವೋ ಎಂದು ಕೇಳಬಹುದು. ಮಾಡಬೇಕು, ನಿಜ. ಆದರೆ ಆ ಬಟ್ಟೆಯ ಕೆಳಗೆ ಇದ್ದದ್ದು ತಂದೆಯ ಸ್ವಂತ ನಾಚಿಕೆಯೇ ಹೊರತು ನೆರೆಯವನಿಂದ ಕಸಕೊಂಡ ಸೊತ್ತಲ್ಲ. ಕಸಕೊಂಡ ಸೊತ್ತಿನ ಮೇಲೆ ಹೊದಿಸುವ ಬಟ್ಟೆಗೆ ಬೇರೆ ಹೆಸರುಂಟು.

ಮತ್ತೊಂದು ಆಕ್ಷೇಪಣೆ: ಆತನು ಬಡವನು, ಎಲ್ಲರೂ ಹೋದರು, ಆತನೂ ಹೋದನು, ಸರಕಾರವೇ ಸುಮ್ಮನಿತ್ತು. ಇದೂ ನಿಜ, ಇದನ್ನೂ ಬರೆಯಬೇಕು. ಆದರೆ ಸಾವಿರ ಮಂದಿ ಹಂಚಿಕೊಂಡದರಿಂದ ಅನ್ಯಾಯವು ಸಣ್ಣದಾಗುವದಿಲ್ಲ. ಅನುಭವಿಸುವವನ ಮೇಲೆ ಅದು ಇಡಿಯಾಗಿಯೇ ಬೀಳುವದು. ಮಗಳು ತನ್ನ ಪುಸ್ತಕದಲ್ಲಿ ಒಂದು ಪುಟ್ಟ ಸಂಗತಿಯನ್ನು ಬರೆದಿದ್ದಾಳೆ. ಈ ಜನರನ್ನು ಇಲ್ಲಿಂದ ಕಳುಹಿಸಿದರೆ ಅವರಿಗೆ ಕೋಪ ಬರುವದಿಲ್ಲವೋ ಎಂದು ಮಗುವು ತಂದೆಯನ್ನು ಕೇಳುವದು. ತಂದೆಯು ಉತ್ತರ ಕೊಡದೆ ಅದನ್ನು ಮಲಗಿಸಿಬಿಡುವನು. ಪ್ರೀತಿಯ ಮಗಳು ಅಷ್ಟನ್ನಾದರೂ ಅಳಿಸದೆ ಉಳಿಸಿದ್ದು ಆಕೆಗೆ ಗೌರವ.

ಇನ್ನೂ ಹೆಚ್ಚಿನ ಗೌರವವು ಬೇರೊಂದು ಕಾರ್ಯದಲ್ಲುಂಟು. ಆ ಪುಸ್ತಕದ ಆರಂಭದಲ್ಲಿದ್ದ ಒಂದು ವಾಕ್ಯವು, ಆ ಬೈಲಿನಲ್ಲಿ ಇಂಡಿಯನರ ಹೊರತು ಮನುಷ್ಯರೇ ಇರಲಿಲ್ಲವೆಂಬ ಅರ್ಥವನ್ನು ಕೊಡುತ್ತಿತ್ತು. ೧೯೫೨ರಲ್ಲಿ ಒಬ್ಬ ವಾಚಕರು ಪ್ರಕಾಶಕರಿಗೆ ಬರೆದು, ಹಾಗಾದರೆ ಅವರು ಮನುಷ್ಯರಲ್ಲವೋ ಎಂಬ ಆಕ್ಷೇಪವನ್ನು ಎತ್ತಿದರು. ಆಗ ಲಾರಾಳಿಗೆ ೮೫ ವರುಷ. ಆಕೆ ವಾದಿಸಲಿಲ್ಲ, ಅದು ತನ್ನ ಮೂಢತನದ ತಪ್ಪು, ಅವರು ಮನುಷ್ಯರೇ ಸರಿ ಎಂದು ಒಪ್ಪಿಕೊಂಡಳು. ಮುಂದಿನ ಮುದ್ರಣದಲ್ಲಿ ಆ ಪದವು ತಿದ್ದಲ್ಪಟ್ಟಿತು. ೮೫ ವರುಷದ ಮುದುಕಿಯು ತನ್ನ ತಪ್ಪನ್ನು ಒಪ್ಪಿಕೊಂಡದ್ದರಿಂದ ಆಕೆಯ ಮಾನ ಕಡಿಮೆಯಾಯಿತೋ? ನಮ್ಮ ಕಣ್ಣಿಗೆ ಅದು ಹೆಚ್ಚಿತಲ್ಲವೇ? ಬದುಕಿರುವವರಿಗೆ ಒಪ್ಪಿಗೆಯು ಮಾನವನ್ನು ತರುವದಾದರೆ, ಸತ್ತವರ ಪರವಾಗಿ ಅವರ ಮಕ್ಕಳು ಒಪ್ಪಿಕೊಂಡಾಗ ಅವರಿಗೆ ಅಪಮಾನವಾಗುವದೆಂದು ನಾವು ಯಾಕೆ ಹೆದರಬೇಕು?

ಆದರೆ ಎದುರು ದಿಕ್ಕಿನಲ್ಲಿಯೂ ಒಂದು ಹಳ್ಳವುಂಟು, ಎಚ್ಚರಿಕೆಯಿರಲಿ. ದೋಷವೊಂದು ಸಿಕ್ಕಿದೊಡನೆ, ಆ ಮನುಷ್ಯನಲ್ಲಿ ದೋಷವಲ್ಲದೆ ಬೇರೇನೂ ಇರಲಿಲ್ಲವೆಂದು ಹೇಳುವವರಿದ್ದಾರೆ. ಇದೂ ಸುಳ್ಳುಸಾಕ್ಷಿಯೇ. ರಾತ್ರಿಯಲ್ಲಿ ಸಾಲ ಬಿಟ್ಟುಹೋದ ಇಂಗಲ್ಸನು ಮುಂದೆ ವಾಲ್ನಟ್ ಗ್ರೋವ್ ಎಂಬ ಊರಲ್ಲಿ ನ್ಯಾಯಾಧಿಪತಿಯಾಗಿ ಜನರ ವ್ಯಾಜ್ಯಗಳನ್ನು ತೀರಿಸಿದನು. ೧೮೭೯ರಲ್ಲಿ ಹಿರೀ ಮಗಳು ಮೇರಿಯು ರೋಗದಿಂದ ಕಣ್ಣು ಕಳಕೊಂಡಾಗ ಆಕೆಯನ್ನು ಮೂಲೆಗೆ ತಳ್ಳದೆ, ಅಯೋವಾದ ಕುರುಡರ ವಿದ್ಯಾಶಾಲೆಗೆ ಕಳುಹಿಸಿದನು. ಆಕೆ ೧೮೮೯ರಲ್ಲಿ ಅಲ್ಲಿಯ ವಿದ್ಯಾಭ್ಯಾಸವನ್ನು ಮುಗಿಸಿದಳು. ಡಿ ಸ್ಮೆಟಿನಲ್ಲಿ ೧೮೮೦ರಲ್ಲಿ ಕಾಂಗ್ರಿಗೇಷನಲ್ ಸಭೆಯು ಸ್ಥಾಪಿತವಾದಾಗ ಆತನೂ ಪತ್ನಿಯೂ ಮೊದಲಿನ ಸಭಿಕರಲ್ಲಿ ಸೇರಿದ್ದರು. ಒಸೇಜರ ನೆಲದಲ್ಲಿ ಮನೆ ಕಟ್ಟಿದವನೂ ಕುರುಡ ಮಗಳನ್ನು ಓದಿಸಿದವನೂ ಒಬ್ಬನೇ. ೨೦೧೮ರಲ್ಲಿ ಅಮೇರಿಕದ ಪುಸ್ತಕಭಂಡಾರಗಳ ಸಂಘದ ಮಕ್ಕಳ ವಿಭಾಗದವರು, ೧೯೫೪ರಿಂದ ಲಾರಾಳ ಹೆಸರಿನಲ್ಲಿದ್ದ ಒಂದು ಬಹುಮಾನದ ಹೆಸರನ್ನು ಬದಲಾಯಿಸಿದರು. ಆದರೆ ಆಕೆಯ ಪುಸ್ತಕಗಳನ್ನು ಓದಬಾರದೆಂದು ಹೇಳಲಿಲ್ಲ. ಓದಬೇಕು, ಬಿಟ್ಟುಹೋದ ಪುಟಗಳನ್ನೂ ಸೇರಿಸಿ ಓದಬೇಕು.

ತಂದೆಯ ತಪ್ಪಿಗೆ ಮಕ್ಕಳು ಅಪರಾಧಿಗಳೋ ಎಂದು ಯಾರಾದರೂ ಕೇಳಿದರೆ, ಅಲ್ಲ ಎನ್ನುವೆನು. ಕ್ಯಾನ್ಸಸ್ಸಿಗೆ ಹೋಗುವಾಗ ಎರಡು ವರುಷದವಳಾಗಿದ್ದ ಲಾರಾಳು ಯಾರ ನೆಲವನ್ನೂ ಕಸಕೊಳ್ಳಲಿಲ್ಲ. ಅಪರಾಧವು ಹೊಲದಂತೆ ಬಾಧ್ಯವಾಗಿ ಬರುವದಿಲ್ಲ. ಲೆಕ್ಕದ ಪುಸ್ತಕವೋ ಬರುವದು. ಆ ಪುಸ್ತಕವನ್ನು ತಿದ್ದದೆ, ಹರಿಯದೆ, ಮುಂದಿನವರ ಕೈಗೆ ದಾಟಿಸುವದು ಮಕ್ಕಳ ಕೆಲಸ. ಒಸೇಜ್ ಜನಾಂಗವು ಇಂದಿಗೂ ಓಕ್ಲಹೋಮಾದಲ್ಲಿ, ಪಾಹಸ್ಕಾ ಎಂಬ ಊರನ್ನು ತನ್ನ ಆಡಳಿತಸ್ಥಾನವಾಗಿ ಇಟ್ಟುಕೊಂಡು ಬಾಳುತ್ತಿದೆ. ಅವರ ಅಜ್ಜಂದಿರ ಪಾಲಿನ ಪುಟವನ್ನು ಓದುವದಕ್ಕೆ ಅವರ ಮಕ್ಕಳು ಇದ್ದಾರೆಂಬದನ್ನು ಬರೆಯುವವನು ನೆನಪಿಡಲಿ.

ನಮ್ಮ ಮನೆಗಳಲ್ಲಿಯೂ ಹಿರಿಯರ ಕಥೆಗಳುಂಟು. ಸತ್ಯವೇದದ ಮೊದಲನೆಯ ಹಾಳೆಯಲ್ಲಿ ಬರೆದ ಹೆಸರುಗಳುಂಟು. ಪೆಟ್ಟಿಗೆಯ ಅಡಿಯಲ್ಲಿ ಹಳೇ ಪಟ್ಟೆ, ಕರಾರುಪತ್ರಗಳುಂಟು. ಅಜ್ಜಿಯು ಬದುಕಿರುವಾಗಲೇ ಆಕೆಯನ್ನು ಕೇಳಿ ಬರೆದುಕೊಳ್ಳಿರಿ. ಆಕೆಯ ನೆನಪನ್ನೂ ಕಾಗದವನ್ನೂ ಸೇರಿಸಿ ನೋಡಿರಿ. ಬೇಡವಾದದ್ದು ಸಿಕ್ಕಿದರೆ, ಇದರಲ್ಲಿ ನೊಂದವನು ಯಾರು ಎಂದು ಮೊದಲು ಕೇಳಿಕೊಳ್ಳಿರಿ. ನಿಮ್ಮ ತಾತನೇ ನೊಂದಿದ್ದರೆ, ಪ್ರೀತಿಯು ಹೇಳಿದಂತೆ ಮಾಡಿರಿ. ಇನ್ನೊಬ್ಬನು ನೊಂದಿದ್ದರೆ,  ಆತನ ಪಾಲನ್ನು ಆತನಿಗೆ ಕೊಡಿರಿ. ಕನಿಷ್ಠ ಪಕ್ಷ ಒಂದು ಸಾಲು ಬರೆದಾದರೂ ಕೊಡಿರಿ.

ನಮ್ಮ ಪೂರ್ವಿಕರಿಗೆ ಹಂಡೆ ಹಾಲಿನ ಕೀರ್ತಿಯು ಬೇಕಾಗಿಲ್ಲ. ಅವರು ಕೊಟ್ಟದ್ದು ದಿನಕ್ಕೆ ಎರಡು ಪಾವು. ಅದನ್ನು ಕುಡಿದೇ ನಾವು ಬೆಳೆದೆವು. ಎರಡು ಪಾವನ್ನು ಎರಡು ಪಾವೆಂದೇ ಹೇಳಿ ಕೃತಜ್ಞತೆಯಿಂದ ನೆನಸುವದೇ ಅವರಿಗೆ ಸಲ್ಲತಕ್ಕ ಸನ್ಮಾನ.